ಬಿಟ್ಟುಬಂದ ಮನೆಗೆ ನನ್ನ ಸಮನ್ಸ್ ಕಳಿಸಿದ ಕೌನ್ಸಿಲ್‌ಗೆ ಒಂದು ಬಹಿರಂಗ ಪತ್ರ

ಕೌನ್ಸಿಲ್ ಟ್ಯಾಕ್ಸ್ ವಿಭಾಗದ ಮುಖ್ಯಸ್ಥರಿಗೆ ಮತ್ತು ಕೌನ್ಸಿಲ್ಲಿನ ಎಲ್ಲ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ತಿಪಟೂರಿನವಳು. 2022ರ ಸೆಪ್ಟೆಂಬರ್‌ನಲ್ಲಿ ಎಂಎಸ್‌ಸಿ ಓದಲು ಇಂಗ್ಲೆಂಡಿಗೆ, ನಿಮ್ಮ ಊರಿಗೆ ಬಂದೆ. ಒಂದೂವರೆ ವರ್ಷ ಅಲ್ಲಿದ್ದೆ. ಈಗ ಬೇರೆ ಊರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ದೂರು ವಿಭಾಗಕ್ಕೆ ಆಗಲೇ ಹೋಗಿದೆ. ಅದನ್ನೇ ಇಲ್ಲಿ ಕನ್ನಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಾನಿದ್ದಂಥ ಮನೆಗಳಲ್ಲಿ ಇವತ್ತೂ ನಮ್ಮ ಕಡೆಯ ಹುಡುಗ ಹುಡುಗಿಯರು ಐದೈದು ಜನ ಸೇರಿ ಇದ್ದಾರೆ. ನನಗೆ ಆದದ್ದು ಅವರಿಗೆ ಆಗಬಾರದು. ನಿಮ್ಮ ಊರಿನ ಹೆಸರು ಮಾತ್ರ ಹಾಕುತ್ತಿಲ್ಲ. ನನಗೆ ಬೇಕಾದದ್ದು ಪದ್ಧತಿ ಬದಲಾಗುವುದು.

ಮೊದಲಿಗೇ ಒಂದು ಮಾತು. ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಯಲ್ಲಿ ವಾಸ ಮಾಡುವವರು ಊರಿನ ಸ್ಥಳೀಯ ಸಂಸ್ಥೆಯಾದ ಕೌನ್ಸಿಲ್‌ಗೆ ಕಟ್ಟುವ ತೆರಿಗೆ, ಅದನ್ನು ಕಟ್ಟಲ್ಲ ಅನ್ನುವವಳಲ್ಲ ನಾನು. ನಿಮ್ಮ ಲೈಬ್ರರಿಯಲ್ಲಿ ಕೂತು ನನ್ನ ಡಿಸರ್ಟೇಷನ್ ಬರೆದೆ, ಚಳಿಗಾಲದಲ್ಲಿ ಮನೆಯ ಹೀಟರ್ ಖರ್ಚು ಉಳಿಸಲು ಅಲ್ಲೇ ಸಂಜೆವರೆಗೆ ಕೂರುತ್ತಿದ್ದೆ, ಯಾರೂ ಏಳು ಅನ್ನಲಿಲ್ಲ. ಕಸದ ಗಾಡಿ ವಾರವಾರ ತಪ್ಪದೆ ಬರುತ್ತಿತ್ತು. ಅದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು.

ಈಗ ನಡೆದದ್ದು ಹೇಳುತ್ತೇನೆ.

ಮನೆಯಲ್ಲಿ ಐದು ಜನ ಇದ್ದೆವು. ಮೂವರು ವಿದ್ಯಾರ್ಥಿಗಳು, ಇಬ್ಬರು ಕೆಲಸಕ್ಕೆ ಹೋಗುವವರು. ಐದೂ ಜನ ಒಂದೇ ಬಾಡಿಗೆ ಕರಾರಿಗೆ ಸಹಿ ಹಾಕಿದ್ದೆವು. ವಿದ್ಯಾರ್ಥಿಗಳನ್ನು ಕೌನ್ಸಿಲ್ ಟ್ಯಾಕ್ಸ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಬಿಲ್ಲು ಆ ಇಬ್ಬರ ಹೆಸರಿಗೆ ಬರುತ್ತಿತ್ತು. ನನ್ನ ಕೋರ್ಸ್ 2023ರ ಸೆಪ್ಟೆಂಬರ್ 15ಕ್ಕೆ ಮುಗಿಯಿತು. ಯೂನಿವರ್ಸಿಟಿ ಕೊಟ್ಟು ನಾನು ನಿಮಗೆ ಕಳಿಸಿದ್ದ ವಿದ್ಯಾರ್ಥಿ ಪ್ರಮಾಣಪತ್ರದಲ್ಲೇ ಆ ತಾರೀಕು ಇತ್ತು. ಮಾರನೇ ದಿನದಿಂದ ನಾನೂ ತೆರಿಗೆಗೆ ಬಾಧ್ಯಳು. ನನಗೆ ಇದನ್ನು ಹೇಳಿದ್ದು ನೀವಲ್ಲ, ಮನೆಯ ಲೆಕ್ಕ ನೋಡಿಕೊಳ್ಳುತ್ತಿದ್ದ ಹುಡುಗ. ಇನ್ನು ಮೇಲೆ ಮೂರು ಪಾಲು ಮಾಡೋಣ, ನಿನ್ನ ಪಾಲು ತಿಂಗಳಿಗೆ 46 ಪೌಂಡ್ ಅಂದ. ಸರಿ ಅಂದೆ. ಐದು ತಿಂಗಳು ಅವನ ಖಾತೆಗೆ ಹಾಕಿದೆ. ಒಟ್ಟು 230 ಪೌಂಡ್. ಪ್ರತಿ ಸಲ ಕೌನ್ಸಿಲ್ ಟ್ಯಾಕ್ಸ್ ಅಂತ ಬರೆದೇ ಹಾಕಿದ್ದೇನೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇದೆ. ಅವನು ಅದನ್ನು ನಿಮಗೆ ಕಟ್ಟಲಿಲ್ಲ. ರಸೀದಿ ತೋರಿಸು ಅಂತ ನಾನು ಒಂದು ಸಲವೂ ಕೇಳಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

2024ರ ಫೆಬ್ರವರಿ 10, ಶನಿವಾರ, ಎರಡು ಸೂಟ್‌ಕೇಸು, ಒಂದು ಕುಕ್ಕರು ಹೊತ್ತುಕೊಂಡು ಮನೆ ಬಿಟ್ಟೆ. ನನ್ನ ಕೋಣೆಯನ್ನು ಮನೆ ಮಾಲೀಕರಿಗೆ ಒಪ್ಪಿಸಿ ಬಂದೆ. ಮಾರನೇ ದಿನ ಹೊಸ ಊರಿನ ಬಾಡಿಗೆ ಕೋಣೆಯಲ್ಲಿ ಹಾಸಿಗೆ ಮೇಲೆ ಕೂತು ನಿಮ್ಮ ವೆಬ್‌ಸೈಟಿನ ಮನೆ ಬದಲಾವಣೆ ಫಾರಂ ತುಂಬಿದೆ. ಹಳೇ ವಿಳಾಸ, ಬಿಟ್ಟ ತಾರೀಕು, ಹೊಸ ವಿಳಾಸ, ಫೋನ್ ನಂಬರ್, ಈಮೇಲ್, ಎಲ್ಲ ಬರೆದೆ. ಕೂಡಲೇ ನಿಮ್ಮಿಂದ ಒಂದು ಈಮೇಲ್ ಬಂತು. ಫಾರಂ ತಲುಪಿದೆ, ನಿಮ್ಮ ಉಲ್ಲೇಖ ಸಂಖ್ಯೆ ಇದು, ನೀವು ಮತ್ತೇನೂ ಮಾಡಬೇಕಾಗಿಲ್ಲ ಅಂತ ಅದರಲ್ಲಿತ್ತು. ಮತ್ತೇನೂ ಮಾಡಬೇಕಾಗಿಲ್ಲ ಅನ್ನುವ ಆ ಸಾಲು ನಾನು ಎಷ್ಟು ಸಲ ಓದಿದ್ದೇನೋ ನನಗೇ ಗೊತ್ತಿಲ್ಲ. ಹೊಸ ಊರಿನ ಕೌನ್ಸಿಲ್ಲಿಗೂ ಅದೇ ದಿನ ಹೇಳಿದೆ, ಅಲ್ಲಿ ಫೆಬ್ರವರಿ 10ರಿಂದಲೇ ತೆರಿಗೆ ಕಟ್ಟುತ್ತಾ ಬಂದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ನೈಟ್ ಶಿಫ್ಟ್ ಮುಗಿಸಿ ಮನೆಗೆ ಬಂದೆ. ಮೆಟ್ಟಿಲ ಹತ್ತಿರ ಬಿದ್ದಿದ್ದ ಲಕೋಟೆಯಲ್ಲಿ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ, ತಪ್ಪಿಲ್ಲದೆ ಇತ್ತು. ಕೋಟು ಬಿಚ್ಚದೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದೆ. ಬೈಲಿಫ್ ಕಂಪನಿಯ, ಅಂದರೆ ಕೌನ್ಸಿಲ್ ಪರವಾಗಿ ಬಾಕಿ ವಸೂಲಿ ಮಾಡುವವರ ನೋಟಿಸ್. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಜೂನ್‌ನಲ್ಲೇ ನಿನ್ನ ಮೇಲೆ ಬಾಧ್ಯತಾ ಆದೇಶ (ಲಯಬಿಲಿಟಿ ಆರ್ಡರ್, ಈ ಬಾಕಿ ನೀನು ಕಟ್ಟಬೇಕು ಅನ್ನುವ ಆದೇಶ) ಆಗಿದೆ, ತೆರಿಗೆ 919 ಪೌಂಡ್, ಕೋರ್ಟ್ ಖರ್ಚು 90, ನಮ್ಮ ಫೀಸು 75, ಒಟ್ಟು 1,084 ಪೌಂಡ್ ಏಳು ದಿನದಲ್ಲಿ ಕಟ್ಟದಿದ್ದರೆ ಮನೆಗೆ ಬಂದು ಸಾಮಾನು ಜಪ್ತಿ ಮಾಡುತ್ತೇವೆ, ಆಗ ಇನ್ನೂ 235 ಪೌಂಡ್ ಸೇರುತ್ತದೆ. ಯಾವ ಕೋರ್ಟು, ಯಾವಾಗ, ನನ್ನನ್ನು ಯಾರು ಕರೆದರು, ಒಂದೂ ತಿಳಿಯಲಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕೋರ್ಟು ಅಂದ್ರೆ ಪೊಲೀಸ್ ಬರ್ತಾರಾ ಮಗಾ?"

ಪೊಲೀಸ್ ಬರುವುದಿಲ್ಲ. ಬಾಧ್ಯತಾ ಆದೇಶ ಕ್ರಿಮಿನಲ್ ಶಿಕ್ಷೆಯಲ್ಲ, ಕ್ರೆಡಿಟ್ ಫೈಲಿನಲ್ಲೂ ಅದು ಬರುವುದಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಆ ಬೆಳಿಗ್ಗೆ ಗೊತ್ತಿರಲಿಲ್ಲ. ವೀಸಾದ ಮೇಲೆ ಬದುಕುವವರಿಗೆ ಕೋರ್ಟು ಅನ್ನುವ ಒಂದು ಪದ ಸಾಕು, ಊಟ ಸೇರಲ್ಲ, ನಿದ್ದೆ ಹತ್ತಲ್ಲ.

ಹಳೇ ಮನೆಯಲ್ಲಿ ನನ್ನ ಜೊತೆ ಇದ್ದ ಕೇರಳದ ಹುಡುಗಿಗೆ ಮೆಸೇಜ್ ಮಾಡಿದೆ. ಅವಳೂ ಮನೆ ಬಿಟ್ಟಾಗಿತ್ತು, ಆದರೆ ಹೋಗಿ ಹೊಸ ಬಾಡಿಗೆದಾರರನ್ನು ಕೇಳಿ ಒಂದು ಕ್ಯಾರಿಬ್ಯಾಗಿನಲ್ಲಿ ನನ್ನ ಕಾಗದಗಳನ್ನು ತಂದುಕೊಟ್ಟಳು. ಆ ಮನೆಯ ಬಾಗಿಲು ತೆಗೆದ ಕೂಡಲೇ ಒಂದು ಚಪ್ಪಲಿ ಸ್ಟ್ಯಾಂಡ್ ಇದೆ. ಬರುವ ಟಪಾಲೆಲ್ಲ ಅದರ ಮೇಲೆ ರಾಶಿ ಬೀಳುತ್ತದೆ. ಪಿಜ್ಜಾ ಅಂಗಡಿಯ ಚೀಟಿ, ಮೂರು ವರ್ಷದ ಹಿಂದೆ ಅಲ್ಲಿದ್ದವರ ಬ್ಯಾಂಕ್ ಪತ್ರ, ಯಾರದೋ ಟಿವಿ ಲೈಸೆನ್ಸ್ ನೋಟಿಸ್. ಆ ರಾಶಿಯೊಳಗೆ ನನ್ನ ಹೆಸರಿನವು ನಾಲ್ಕು. ಒಂದನ್ನೂ ಯಾರೂ ಒಡೆದಿರಲಿಲ್ಲ, ಒಂದರ ಮೇಲೆ ಟೀ ಕಪ್ಪಿನ ದುಂಡನೆ ಕಲೆ. ಮಾರ್ಚ್ 6ರ ಬಿಲ್ಲು, ಏಪ್ರಿಲ್‌ನ ರಿಮೈಂಡರ್, ಮೇ ತಿಂಗಳ ಸಮನ್ಸ್, ಜೂನ್‌ನಲ್ಲಿ ಆದೇಶವಾದ ತಿಳಿವಳಿಕೆ ಪತ್ರ. ನಾಲ್ಕೂ ಪತ್ರ ಬರೆದದ್ದು ನಾನು ಮನೆ ಬಿಟ್ಟ ಮೇಲೆ. ನಾಲ್ಕೂ ಬರೆದದ್ದು ನನ್ನ ಫಾರಂ ನಿಮ್ಮ ಕೈ ಸೇರಿದ ಮೇಲೆ.

ನನ್ನ ದೂರಿನ ತಿರುಳು ಇಷ್ಟೇ. ಕೌನ್ಸಿಲ್ ಟ್ಯಾಕ್ಸ್ ಬಗೆಗಿನ 1992ರ ನಿಯಮಾವಳಿ ಪ್ರಕಾರ ಒಬ್ಬರ ಕೊನೆಯ ಗೊತ್ತಿರುವ ವಿಳಾಸಕ್ಕೆ ಅಂಚೆಯಲ್ಲಿ ಹಾಕಿದರೆ ಸಮನ್ಸ್ ಮುಟ್ಟಿದ ಲೆಕ್ಕ. ಇರಲಿ. ಆದರೆ ಕೊನೆಯ ಗೊತ್ತಿರುವ ವಿಳಾಸ ಯಾವುದು? ಫೆಬ್ರವರಿ 11ರಿಂದ ನಿಮಗೆ ಗೊತ್ತಿದ್ದ ಕೊನೆಯ ವಿಳಾಸ ನನ್ನ ಈಗಿನ ಮನೆ. ನಿಮ್ಮದೇ ಕಂಪ್ಯೂಟರಿನಲ್ಲಿ, ನಿಮ್ಮದೇ ಉಲ್ಲೇಖ ಸಂಖ್ಯೆಯ ಕೆಳಗೆ ಅದು ಇತ್ತು. ಸೆಪ್ಟೆಂಬರ್‌ನಲ್ಲಿ ನೀವು ಫೈಲನ್ನು ಬೈಲಿಫ್ ಕಂಪನಿಗೆ ಕೊಟ್ಟಿರಿ. ಅವರಿಗೆ ಮೂರು ವಾರದಲ್ಲಿ ನಾನು ಸಿಕ್ಕಿದೆ. ದುಡ್ಡು ವಸೂಲಿ ಮಾಡುವಾಗ ಮೂರು ವಾರದಲ್ಲಿ ಸಿಗುವ ಮನುಷ್ಯಳು ಕೋರ್ಟಿಗೆ ಕರೆಯುವಾಗ ಏಕೆ ಸಿಗಲಿಲ್ಲ? ಈಮೇಲ್ ಇತ್ತು, ಫೋನ್ ನಂಬರ್ ಇತ್ತು. ಒಂದು ಕರೆ ಬಂದಿದ್ದರೆ ಮಾರ್ಚ್‌ನಲ್ಲೇ ಇದು ಮುಗಿಯುತ್ತಿತ್ತು.

ಎರಡನೆಯದು ಮೊತ್ತ. ಆದೇಶದಲ್ಲಿ ಸೆಪ್ಟೆಂಬರ್ 16ರಿಂದ ಮಾರ್ಚ್ 31ರವರೆಗೆ ಲೆಕ್ಕ ಹಾಕಿದ್ದೀರಿ. ನಾನು ಮನೆ ಬಿಟ್ಟದ್ದು ಫೆಬ್ರವರಿ 10. ಆಮೇಲೂ ಆ ಮನೆಯಲ್ಲಿ ಬೇರೆಯವರು ವಾಸವಿದ್ದರು. 1992ರ ಕಾಯ್ದೆ ಬಾಧ್ಯತೆಯನ್ನು ಮೊದಲು ಹೊರಿಸುವುದು ಮನೆಯಲ್ಲಿ ವಾಸವಿರುವವರ ಮೇಲೆ. ವಾಸವಿಲ್ಲದ ನಾನು ಆ 51 ದಿನಕ್ಕೆ ಬಾಧ್ಯಳಲ್ಲ. ಅದೇ ದಿನಗಳಿಗೆ ಇನ್ನೊಂದು ಊರಿನಲ್ಲಿ ನಾನು ತೆರಿಗೆ ಕಟ್ಟಿಯೂ ಇದ್ದೆ.

ಉಳಿದ ದಿನಗಳದ್ದು, ಅಂದರೆ ಸುಮಾರು 683 ಪೌಂಡ್, ನಾವು ಮೂವರ ಜಂಟಿ ಬಾಕಿ. ಜಂಟಿ ಅಂದರೆ ಮೂರು ಪಾಲು ಅಂತ ನಾನು ತಿಳಿದಿದ್ದೆ, ನಮ್ಮವರು ಎಲ್ಲರೂ ಹಾಗೇ ತಿಳಿದಿದ್ದಾರೆ. ಕಾನೂನು ಹಾಗಿಲ್ಲ. ಮೂವರಲ್ಲಿ ಯಾರೇ ಒಬ್ಬರಿಂದಲೂ ಪೂರ್ತಿ ಹಣ ವಸೂಲಿ ಮಾಡಬಹುದು. ಒಬ್ಬ ಅವನ ದೇಶಕ್ಕೆ ಹೋದ, ದುಡ್ಡು ತೆಗೆದುಕೊಂಡ ಇನ್ನೊಬ್ಬ ನನ್ನ ನಂಬರನ್ನು ಬ್ಲಾಕ್ ಮಾಡಿದ. ವಿಳಾಸ ಕೊಟ್ಟು, ನಂಬರ್ ಕೊಟ್ಟು, ಇದ್ದಲ್ಲೇ ಇದ್ದವಳು ನಾನೊಬ್ಬಳು. ಹಾಗಾಗಿ ಪೂರ್ತಿ ನನ್ನ ತಲೆ ಮೇಲೆ ಬಂತು. ಇದು ಕಾನೂನು, ನಾನು ಅದರ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಇಷ್ಟು ದೊಡ್ಡ ಹೊರೆ ಹೊರಿಸುವ ಕಾನೂನು ಇರುವಾಗ ಅದನ್ನು ಆ ಮನುಷ್ಯರಿಗೆ ಮುಂಚೆ ತಿಳಿಸುವುದು ನಿಮ್ಮ ಕೆಲಸ ಅಲ್ವಾ?

ನಿಮಗೆ ಬಹುಶಃ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನಮ್ಮ ಕರ್ನಾಟಕದಲ್ಲಿ ಮನೆ ಕಂದಾಯ ಕಟ್ಟುವವರು ಮನೆ ಮಾಲೀಕರು. ಬಾಡಿಗೆಗೆ ಇರುವವರು ಕರೆಂಟು, ನೀರು ನೋಡಿಕೊಂಡರೆ ಮುಗಿಯಿತು. ನನ್ನ ಅಪ್ಪ ಹತ್ತೊಂಬತ್ತು ವರ್ಷ ಬಾಡಿಗೆ ಮನೆಯಲ್ಲಿದ್ದರು, ಕಂದಾಯದ ರಸೀದಿ ಮುಟ್ಟಿ ನೋಡಿದವರಲ್ಲ. ವಾಸ ಮಾಡುವವರೇ ಊರಿಗೆ ತೆರಿಗೆ ಕಟ್ಟಬೇಕು ಅನ್ನುವ ಕಲ್ಪನೆಯೇ ನಮಗೆ ಹೊಸದು. ಓದಲು ಬಂದ ವರ್ಷ ಅದರಿಂದ ವಿನಾಯಿತಿ ಬೇರೆ ಇರುತ್ತದೆ, ಹಾಗಾಗಿ ಕಲಿಯುವ ಅವಕಾಶವೂ ಇಲ್ಲ. ಕೋರ್ಸ್ ಮುಗಿದ ಮಾರನೇ ದಿನ ಸದ್ದಿಲ್ಲದೆ ಅದು ಹೆಗಲೇರುತ್ತದೆ. ಆ ಹೊತ್ತಿಗೆ ನಾವು ಕೆಲಸ ಹುಡುಕುತ್ತಿರುತ್ತೇವೆ, ವೀಸಾ ಅರ್ಜಿ ಹಾಕುತ್ತಿರುತ್ತೇವೆ, ಮನೆ ಬದಲಾಯಿಸುತ್ತಿರುತ್ತೇವೆ. ಕೋರ್ಸ್ ಮುಗಿಯುವ ತಾರೀಕು ಪ್ರಮಾಣಪತ್ರದಲ್ಲಿ ಒಂದು ವರ್ಷ ಮುಂಚೆಯೇ ನಿಮ್ಮ ಹತ್ತಿರ ಇರುತ್ತದೆ. ಅದರ ಹಿಂದಿನ ತಿಂಗಳು ಒಂದು ಈಮೇಲ್ ಕಳಿಸಲು ಎಷ್ಟು ಖರ್ಚಾಗುತ್ತದೆ?

ನೋಟಿಸ್ ಬಂದ ದಿನವೇ ನಿಮ್ಮ ಕಚೇರಿಗೆ ಫೋನ್ ಮಾಡಿದೆ. 34 ನಿಮಿಷ ಕಾದ ಮೇಲೆ ಮಾತಾಡಿದವರು ಮರ್ಯಾದೆಯಿಂದಲೇ ಮಾತಾಡಿದರು. ಫಾರಂ ನಂಬರ್ ಕೊಟ್ಟೆ. ಹುಡುಕಿದರು. "ಹೌದು, ಇಲ್ಲಿ ಇದೆ, ಆದರೆ ಯಾರೂ ಅದನ್ನು ತೆರೆದ ಹಾಗೆ ಕಾಣಲ್ಲ" ಅಂದರು. ಆ ಪ್ರಾಮಾಣಿಕತೆಗೆ ನಾನು ಈಗಲೂ ಋಣಿ. ಆದರೆ ಮುಂದಿನ ಮಾತು: ಈಗ ಇದು ನಮ್ಮ ಕೈಯಲ್ಲಿಲ್ಲ, ಬೈಲಿಫ್ ಹತ್ತಿರವೇ ಮಾತಾಡಿ. ಬೈಲಿಫ್ ಕಂಪನಿಗೆ ಫೋನ್ ಮಾಡಿದರೆ, ತೆರಿಗೆ ಸರಿಯೋ ತಪ್ಪೋ ಅದು ಕೌನ್ಸಿಲ್ ವಿಚಾರ, ನಮ್ಮ ಕೆಲಸ ವಸೂಲಿ ಅಂದರು. ಎರಡು ವಾರ ಹೀಗೆ ಅಲೆದೆ. ಬಾಕಿ ನಿಮ್ಮದು, ಅವರು ಬಂದದ್ದು ನಿಮ್ಮ ಪರವಾಗಿ. ಫೈಲನ್ನು ವಾಪಸ್ ಕರೆಸಿಕೊಳ್ಳುವ ಅಧಿಕಾರ ನಿಮಗೆ ಯಾವಾಗಲೂ ಇದೆ. ನಮ್ಮ ಕೈಯಲ್ಲಿಲ್ಲ ಅಂದದ್ದು ನಿಜವಲ್ಲ.

ಆ ಎರಡು ವಾರದ ನಡುವೆ ಒಂದು ಮಂಗಳವಾರ ಬೆಳಿಗ್ಗೆ ಬೈಲಿಫ್ ಬಂದೇ ಬಂದರು. ನಾನು ಬಾಗಿಲು ತೆಗೆಯಲಿಲ್ಲ. ಅವರು ಟಪಾಲು ಹಾಕುವ ಕಿಂಡಿಯ ಹತ್ತಿರ ಬಗ್ಗಿ ನನ್ನ ಹೆಸರು ಕರೆದರು, ಎರಡು ಸಲ, ಜೋರಾಗಿ. ಎದುರು ಮನೆಯ ವಯಸ್ಸಾದ ಹೆಂಗಸು ಕಿಟಕಿ ಪರದೆ ಸರಿಸಿ ನೋಡಿದ್ದು ನನಗೆ ಒಳಗಿಂದ ಕಾಣಿಸಿತು. ಜಪ್ತಿ ಮಾಡಲು ನನ್ನ ಕೋಣೆಯಲ್ಲಿ ಇದ್ದದ್ದು ಒಂದು ಲ್ಯಾಪ್‌ಟಾಪು, ಒಂದು ಕುಕ್ಕರು. ಆ ಒಂದು ಭೇಟಿಗೆ 235 ಪೌಂಡ್ ಸೇರಿತು. ನಮ್ಮ ಮನೆಯಲ್ಲಿ ಸಾಲ ಕೇಳಲು ಯಾರೂ ಯಾವತ್ತೂ ಬಾಗಿಲಿಗೆ ಬಂದಿರಲಿಲ್ಲ. ಇದನ್ನು ನಾನು ಅಪ್ಪನಿಗೆ ಇನ್ನೂ ಹೇಳಿಲ್ಲ.

ಆಮೇಲೆ ಜನರಿಗೆ ಉಚಿತವಾಗಿ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಅನ್ನುವ ಸಂಸ್ಥೆಗೆ ಹೋದೆ. ಅಲ್ಲಿ ಒಂದು ಗಂಟೆ ಕೂರಿಸಿಕೊಂಡು, ಯಾವುದು ಕಟ್ಟಬೇಕು, ಯಾವುದು ಬೇಡ ಅಂತ ಬಿಡಿಸಿ ಹೇಳಿದರು. ಅವರು ಹೇಳಿದ ಹಾಗೆ ಪತ್ರ ಬರೆದೆ, ಫಾರಂನ ಈಮೇಲ್, ಹೊಸ ಮನೆಯ ಕರಾರು, ಹೊಸ ಕೌನ್ಸಿಲ್ಲಿನ ಬಿಲ್ಲು ಲಗತ್ತಿಸಿದೆ. ಡಿಸೆಂಬರ್‌ನಲ್ಲಿ ನೀವು ತಾರೀಕು ತಿದ್ದಿ 919ನ್ನು 683ಕ್ಕೆ ಇಳಿಸಿದಿರಿ. ಆದರೆ ಕೋರ್ಟ್ ಖರ್ಚು 90, ಬೈಲಿಫ್ ಫೀಸು 75 ಮತ್ತು 235 ಹಾಗೇ ಉಳಿಸಿಕೊಂಡಿರಿ. ಪತ್ರಗಳನ್ನು ಸರಿಯಾಗಿಯೇ ಕಳಿಸಲಾಗಿದೆ ಅಂತ ಕಾರಣ ಕೊಟ್ಟಿರಿ. ನಾಲ್ಕು ಕಂತಿನಲ್ಲಿ 1,083 ಪೌಂಡ್ ಕಟ್ಟಿ ಮುಗಿಸಿದೆ. ಅದರಲ್ಲಿ ನ್ಯಾಯವಾಗಿ ನನ್ನ ಪಾಲು 228. ಅದನ್ನೂ ನಾನು ಮೊದಲೇ ಒಬ್ಬನ ಕೈಗೆ ಕೊಟ್ಟಾಗಿತ್ತು.

ಹಾಗಾಗಿ ಕೇಳುತ್ತಿದ್ದೇನೆ. ಆ 400 ಪೌಂಡ್ ನನಗೆ ವಾಪಸ್ ಕೊಡಿ. ಗೆಳೆಯನನ್ನು ನಂಬಿದ್ದರ ನಷ್ಟ ನನ್ನದು, ಅದನ್ನು ನಾನು ಹೊರುತ್ತೇನೆ. ಫಾರಂ ತೆರೆಯದ ನಷ್ಟ ನಿಮ್ಮದು, ಅದನ್ನು ನೀವು ಹೊರಬೇಕು.

ನನ್ನ ಹಣಕ್ಕಿಂತ ದೊಡ್ಡದು ಇನ್ನು ಮುಂದಿನದು. ಕೋರ್ಟಿಗೆ ಹೆಸರುಗಳ ಪಟ್ಟಿ ಕಳಿಸುವ ಮೊದಲು ಆ ಹೆಸರಿನವರು ಮನೆ ಬಿಟ್ಟ ಫಾರಂ ಕಳಿಸಿದ್ದಾರಾ ಅಂತ ಒಮ್ಮೆ ನೋಡಿ. ಅಲ್ಲಿ ಒಂದೇ ಬೆಳಿಗ್ಗೆ ನೂರಾರು ಹೆಸರಿಗೆ ಒಟ್ಟಿಗೆ ಆದೇಶ ಆಗುತ್ತದೆ, ಅಲ್ಲಿ ನಮ್ಮ ಪರವಾಗಿ ನೋಡುವವರು ಯಾರೂ ಇರುವುದಿಲ್ಲ, ನೋಡಬೇಕಾದವರು ನೀವೇ. ಉತ್ತರ ಬರದಿದ್ದರೆ ಸಮನ್ಸಿಗೆ ಮುಂಚೆ ಒಂದು ಈಮೇಲ್, ಒಂದು ಫೋನ್ ಕರೆ ಮಾಡಿ. ಹಂಚಿಕೊಂಡ ಮನೆಯಾದರೆ ಪ್ರತಿಯೊಬ್ಬರಿಗೂ ಬೇರೆಬೇರೆ ಬರೆದು, ಬೇರೆ ಯಾರೂ ಕಟ್ಟದಿದ್ದರೆ ಪೂರ್ತಿ ನಿಮ್ಮಿಂದಲೇ ಕೇಳುತ್ತೇವೆ ಅಂತ ಸರಳವಾಗಿ ಹೇಳಿ. ಬಾಧ್ಯತೆಯ ಬಗ್ಗೆ ಯಾರಾದರೂ ಲಿಖಿತವಾಗಿ ತಕರಾರು ಕೊಟ್ಟರೆ ಅದು ಇತ್ಯರ್ಥವಾಗುವವರೆಗೆ ಬೈಲಿಫ್ ಕೆಲಸ ನಿಲ್ಲಿಸಿ. ವಿದ್ಯಾರ್ಥಿ ವಿನಾಯಿತಿ ಮುಗಿಯುವ ಒಂದು ತಿಂಗಳ ಮುಂಚೆ ಎಚ್ಚರಿಕೆ ಕೊಡಿ. ಇದಕ್ಕೆ ಹೊಸ ಕಾಯ್ದೆ ಬೇಡ, ಸದಸ್ಯರಾದ ನೀವು ಮನಸ್ಸು ಮಾಡಿದರೆ ಸಾಕು.

ಇನ್ನು ಇದನ್ನು ಓದುತ್ತಿರುವ ನಮ್ಮವರಿಗೆ ನಾಲ್ಕು ಮಾತು. ಕೌನ್ಸಿಲ್‌ನವರು ಬೇಸರ ಮಾಡಿಕೊಳ್ಳಬಾರದು.

ಮನೆಗೆ ಹೋಗುವಾಗಲೇ ಕರಾರು ಓದಿ. ಎಲ್ಲರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ ತೆರಿಗೆ ನಿಮ್ಮೆಲ್ಲರ ಮೇಲೆ. ಕೋಣೆಗೊಂದು ಕರಾರು ಬೇರೆಬೇರೆ ಮಾಡಿಕೊಟ್ಟಿದ್ದರೆ ಸಾಮಾನ್ಯವಾಗಿ ಬಾಧ್ಯತೆ ಮನೆ ಮಾಲೀಕರದ್ದು, ಬಿಲ್ಲು ನಿಮ್ಮ ಹೆಸರಿಗೆ ಬಂದರೆ ಕೇಳಿ. ನೀವಿನ್ನೂ ಫುಲ್ ಟೈಮ್ ವಿದ್ಯಾರ್ಥಿ, ಜೊತೆಗಿರುವವರು ಕೆಲಸದವರು ಅಂದರೆ ಇಂಗ್ಲೆಂಡಿನಲ್ಲಿ ಅವರ ಬಾಕಿ ನಿಮ್ಮ ಮೇಲೆ ಬರುವುದಿಲ್ಲ, ಆದರೆ ಪ್ರಮಾಣಪತ್ರ ಕಳಿಸಿರಬೇಕು. ಪಾಲಿನ ದುಡ್ಡನ್ನು ಗೆಳೆಯರ ಕೈಗೆ ಕೊಡಬೇಡಿ, ಬಿಲ್ಲಿನ ಮೇಲಿನ ಖಾತೆ ಸಂಖ್ಯೆ ಹಾಕಿ ಸೀದಾ ಕೌನ್ಸಿಲ್‌ಗೆ ಕಟ್ಟಿ. ಮನೆ ಬಿಡುವಾಗ ಫಾರಂ ತುಂಬಿ ಸುಮ್ನೆ ಕೂರಬೇಡಿ, ಎರಡು ವಾರ ಬಿಟ್ಟು ಫೋನ್ ಮಾಡಿ ನನ್ನ ಹೆಸರು ತೆಗೆದಿರಾ, ಕೊನೆಯ ಬಿಲ್ಲು ಕೊಡಿ ಅಂತ ಕೇಳಿ. ಮನೆ ಖಾಲಿ ಬಿಟ್ಟು ಎಲ್ಲರೂ ಹೊರಟರೆ ಮಾತ್ರ ಲೆಕ್ಕ ಬೇರೆ, ಕರಾರು ಮುಗಿಯುವವರೆಗೂ ತೆರಿಗೆ ನಿಮ್ಮ ಮೇಲೇ ಇರಬಹುದು.

ರಿಮೈಂಡರ್ ಬಂದರೆ ಏಳು ದಿನ ಸಮಯ ಇರುತ್ತದೆ, ಆ ಏಳು ದಿನ ಕಳೆಯಬೇಡಿ. ಅದು ಮೀರಿದರೆ ಕಂತಿನ ಅನುಕೂಲ ಹೋಗಿ ಇಡೀ ವರ್ಷದ್ದು ಒಟ್ಟಿಗೆ ಕೇಳುತ್ತಾರೆ. ನೀವು ಬಾಧ್ಯರಲ್ಲ ಅಂತ ಅನ್ನಿಸಿದರೆ ಮೊದಲು ಕೌನ್ಸಿಲ್‌ಗೆ ಬರೆಯಿರಿ. ಎರಡು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಒಪ್ಪದ ಉತ್ತರ ಬಂದರೆ, ಇಂಥ ತಕರಾರು ವಿಚಾರಿಸುವ ವ್ಯಾಲ್ಯುಯೇಷನ್ ಟ್ರಿಬ್ಯೂನಲ್‌ಗೆ ಹೋಗಬಹುದು, ಅದಕ್ಕೆ ಫೀಸಿಲ್ಲ. ಸಾಲ ಜಾಸ್ತಿಯಾಗಿ ಉಸಿರು ಕಟ್ಟಿದರೆ 2021ರಿಂದ ಬ್ರೀದಿಂಗ್ ಸ್ಪೇಸ್ ಅಂತ ಒಂದು ವ್ಯವಸ್ಥೆ ಇದೆ, ಸಾಲ ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ವಸೂಲಿ ನಿಲ್ಲುತ್ತದೆ. ಬೈಲಿಫ್ ಬಂದರೆ ಬಾಗಿಲು ತೆಗೆಯಲೇಬೇಕು ಅಂತ ಇಲ್ಲ, ಕೌನ್ಸಿಲ್ ಟ್ಯಾಕ್ಸಿಗೆ ಅವರು ಮೊದಲ ಸಲ ಬಾಗಿಲು ಒಡೆದು ಒಳಗೆ ಬರುವ ಹಾಗಿಲ್ಲ. ಹೆದರಿ ಒಬ್ಬರೇ ಕೂರಬೇಡಿ. ನಾನು ಸಲಹೆ ಕೊಡುವವರ ಹತ್ತಿರ ಹೋಗದೆ ಎರಡು ವಾರ ಒಬ್ಬಳೇ ಅಲೆದೆ, ಆ ನಡುವೆ ನನಗೆ 235 ಪೌಂಡ್ ಬಿತ್ತು. ಮತ್ತೆ ನಿಮ್ಮ ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಹಳೇ ಬಾಡಿಗೆದಾರರ ಪತ್ರ ಬಿದ್ದಿದ್ದರೆ, ದಯವಿಟ್ಟು ಒಂದು ಫೋಟೋ ತೆಗೆದು ಅವರಿಗೆ ಕಳಿಸಿ. ನಂಬರ್ ಇಲ್ಲದಿದ್ದರೆ ಲಕೋಟೆ ಮೇಲೆ "ಇವರು ಇಲ್ಲಿಲ್ಲ" ಅಂತ ಇಂಗ್ಲಿಷಿನಲ್ಲಿ ಬರೆದು ಅಂಚೆ ಡಬ್ಬಕ್ಕೆ ವಾಪಸ್ ಹಾಕಿ.

ಮಾನ್ಯರೇ, ನನ್ನ ದೂರಿನ ಜೊತೆ ಫೆಬ್ರವರಿ 11ರ ಈಮೇಲಿನ ಪ್ರತಿ, ಒಡೆಯದ ನಾಲ್ಕು ಲಕೋಟೆಗಳ ಫೋಟೋ ಮತ್ತು ಹಣ ಕಟ್ಟಿದ ರಸೀದಿಗಳು ಇವೆ. ಲಕೋಟೆಗಳನ್ನು ಇಟ್ಟುಕೊಂಡಿದ್ದೇನೆ, ಬೇಕಾದರೆ ತಂದು ತೋರಿಸುತ್ತೇನೆ. ನಿಮ್ಮ ಉತ್ತರವನ್ನು ದಯವಿಟ್ಟು ಆ ಫಾರಂನಲ್ಲಿ ಬರೆದ ವಿಳಾಸಕ್ಕೇ ಕಳಿಸಿ. ನಾನು ಈಗಲೂ ಅಲ್ಲೇ ಇದ್ದೇನೆ.

ಇಂತಿ,
ನಿಮ್ಮ ಊರಿನಲ್ಲಿ ಒಂದೂವರೆ ವರ್ಷ ಬಾಡಿಗೆಗಿದ್ದವಳು